ವಿಂಡ್ ಟನಲ್ ರಸ್ತೆಯಿಂದ ಶ್ರೀಹರಿಕೋಟದ ಕಡಲಂಚಿಗೆ

ಶಿವಾಜಿನಗರದಲ್ಲಿ ಬಸ್ಸು ಹತ್ತಿ, ಹಲಸೂರು ದಾಟಿ, ದೊಮ್ಮಲೂರಿನ ಬಳಿ ಹಳೆಯ ವಿಮಾನ ನಿಲ್ದಾಣದ ರಸ್ತೆಯನ್ನು ಹಿಡಿದರೆ ಸ್ವಲ್ಪ ಹೊತ್ತಿಗೆ ಮುರುಗೇಶಪಾಳ್ಯ ಸಿಗುತ್ತದೆ. ಅಲ್ಲಿಂದ ಒಳಕ್ಕೆ ಹೋಗುವ ಒಂದು ರಸ್ತೆಗೆ ವಿಂಡ್ ಟನಲ್ ರಸ್ತೆ ಎಂದು ಹೆಸರು. ಬೆಳಗಾದರೆ ಶಾಲೆಯ ವ್ಯಾನುಗಳು, ತರಕಾರಿ ಗಾಡಿಗಳು, ಆಟೋಗಳು ಒಂದಕ್ಕೊಂದು ತಾಕಿಕೊಂಡಂತೆ ಸಾಗುವ ರಸ್ತೆ. ಆ ವ್ಯಾನುಗಳಲ್ಲಿ ಕುಳಿತ ಮಕ್ಕಳನ್ನು ‘ಈ ಹೆಸರು ಯಾಕೆ ಬಂತು?’ ಎಂದು ಕೇಳಿ ನೋಡಿ. ಹೆಚ್ಚಿನವರು ಪಕ್ಕದವರ ಮುಖ ನೋಡುತ್ತಾರೆ. ಮಕ್ಕಳಿರಲಿ, ಅವರನ್ನು ವ್ಯಾನಿಗೆ ಹತ್ತಿಸಲು ಬಂದ ತಂದೆ ತಾಯಿಗಳೂ ಅಷ್ಟೇ!

ವಿಂಡ್ ಟನಲ್ ಎಂದರೆ ಗಾಳಿಯ ಸುರಂಗ. ವಿಮಾನವೋ ರಾಕೆಟ್ಟೋ ಗಾಳಿಯನ್ನು ಸೀಳಿಕೊಂಡು ಹಾರುವಾಗ ಅದರ ಮೈಮೇಲೆ ಬೀಳುವ ಒತ್ತಡವನ್ನು ಮೊದಲೇ ತಿಳಿಯಬೇಕು. ಅದಕ್ಕಾಗಿ ಪುಟ್ಟ ಮಾದರಿಯೊಂದನ್ನು ಮಾಡಿ, ಸುರಂಗದಲ್ಲಿ ನಿಲ್ಲಿಸಿ, ಅದರ ಮೇಲೆ ಗಾಳಿಯನ್ನು ರಭಸವಾಗಿ ಹಾಯಿಸುತ್ತಾರೆ. ಹಾರುವ ವಸ್ತು ನಿಂತಿರುತ್ತದೆ, ಗಾಳಿಯೇ ಹಾರುತ್ತದೆ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಇಲ್ಲಿ 1967ರಲ್ಲಿ ಶಬ್ದಕ್ಕಿಂತ ವೇಗವಾದ ಗಾಳಿಯನ್ನೂ ಹಾಯಿಸಬಲ್ಲ 1.2 ಮೀಟರ್ ಅಗಲದ ಸುರಂಗವನ್ನು ಆರಂಭಿಸಿತು. ಭಾರತದ ಉಪಗ್ರಹಗಳನ್ನು ಹೊತ್ತೊಯ್ದ ರಾಕೆಟ್ಟುಗಳು ಕಡಲತೀರದಲ್ಲಿ ಹಾರುವ ಮೊದಲು, ಅಂಗೈ ಅಗಲದ ಮಾದರಿಗಳಾಗಿ ಮುರುಗೇಶಪಾಳ್ಯದ ಈ ಗಾಳಿಯಲ್ಲಿ ಪರೀಕ್ಷೆ ಬರೆದು ಪಾಸಾಗಿವೆ.

ಅದೇ ರಸ್ತೆಯಲ್ಲಿ ಪೂರ್ವಕ್ಕೆ ಸಾಗಿದರೆ ವಿಮಾನಪುರದಲ್ಲಿ ಯು.ಆರ್. ರಾವ್ ಉಪಗ್ರಹ ಕೇಂದ್ರವಿದೆ. ದೇಶದ ಬಹುಪಾಲು ಉಪಗ್ರಹಗಳು ರೂಪುಗೊಂಡದ್ದು ಈ ಕೇಂದ್ರದಲ್ಲಿ. ಮಾರತ್ತಹಳ್ಳಿಯ ಬಳಿ ಇದಕ್ಕೆ ಸೇರಿದ ಇನ್ನೊಂದು ಆವರಣವಿದೆ. ಉಪಗ್ರಹದ ಭಾಗಗಳನ್ನು ಜೋಡಿಸಿ, ಅದನ್ನು ನಡುಗಿಸಿ, ಬೇಯಿಸಿ, ತಣಿಸಿ, ನಿರ್ವಾತದಲ್ಲಿಟ್ಟು ಪರೀಕ್ಷಿಸುವುದು ಅಲ್ಲಿ. ಇಂದಿರಾನಗರದ ಪಕ್ಕ, ಎಚ್‌ಎಎಲ್ ಎರಡನೇ ಹಂತದ 80 ಅಡಿ ರಸ್ತೆಯಲ್ಲಿ ದ್ರವ ನೋದನ ವ್ಯವಸ್ಥೆಗಳ ಕೇಂದ್ರದ ಶಾಖೆ ಇದೆ. ಉಪಗ್ರಹಗಳು ಆಕಾಶದಲ್ಲಿ ಅತ್ತಿತ್ತ ಹೊರಳಲು ಬೇಕಾದ ಪುಟ್ಟ ಎಂಜಿನ್ ವ್ಯವಸ್ಥೆಗಳ ಕೆಲಸ ಅಲ್ಲಿಯದು. ವಿಮಾನಪುರದಲ್ಲೇ ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆ ಇದೆ. 1984ರ ಏಪ್ರಿಲ್ 3ರಂದು ಸೋವಿಯತ್ ನೌಕೆಯಲ್ಲಿ ಹಾರಿದ ರಾಕೇಶ್ ಶರ್ಮಾ ಅವರನ್ನೂ, ಗಗನಯಾನಕ್ಕೆ ಆಯ್ಕೆಯಾದ ಪೈಲಟ್‌ಗಳನ್ನೂ ತಪಾಸಣೆ ಮಾಡಿ ಆರಿಸಿದ್ದು ಅಲ್ಲಿನ ವೈದ್ಯರೇ. ಇನ್ನೂ ಮುಂದೆ, ಕೆ.ಆರ್. ಪುರ ದಾಟಿದರೆ ಹೊಸಕೋಟೆ. ಸೂರ್ಯನನ್ನು ನೋಡಲು 2023ರಲ್ಲಿ ಹೊರಟ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವನ್ನು ಭಾರತೀಯ ಖಭೌತ ಸಂಸ್ಥೆಯವರು ಜೋಡಿಸಿದ್ದು ತಮ್ಮ ಹೊಸಕೋಟೆ ಆವರಣದಲ್ಲಿ.

ಇಷ್ಟೆಲ್ಲ ಇದ್ದೂ ಬೀದಿಯಲ್ಲಿ ಹೋಗುವವರ ಕಣ್ಣಿಗೆ ಬೀಳುವುದು ಕಾಂಪೌಂಡು ಗೋಡೆ, ಮುಳ್ಳುತಂತಿ ಮತ್ತು ಗೇಟಿನಲ್ಲಿ ನಿಂತ ಭದ್ರತಾ ಸಿಬ್ಬಂದಿ. ಅದು ತಪ್ಪೆಂದಲ್ಲ. ಒಂದು ಕೂದಲೆಳೆ, ಒಂದು ಚಿಟಿಕೆ ಧೂಳು ಉಪಗ್ರಹಕ್ಕೆ ಕಂಟಕವಾಗಬಲ್ಲ ಜಾಗದಲ್ಲಿ ಜಾತ್ರೆ ಸೇರಿಸಲಾಗದು. ಆದರೆ ಗೋಡೆಯ ಈಚೆಗೆ ಬೆಳೆಯುವ ಮಗುವಿಗೆ ಆಚೆಯದು ಏನೆಂದು ತಿಳಿಯದೇ ಹೋಗುವುದು ಮಾತ್ರ ಬೇಸರದ ಸಂಗತಿ. ಹಾಗಾದರೆ ಇಲ್ಲಿ ಕಟ್ಟಿದ್ದನ್ನು ಕಣ್ಣಾರೆ ನೋಡುವುದು ಎಲ್ಲಿ? ಅದಕ್ಕೆ ಬೆಂಗಳೂರಿನಿಂದ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ದೂರದ ಕಡಲಂಚಿಗೆ ಹೋಗಬೇಕು. ಉಪಗ್ರಹಗಳೂ ಹೋಗುವುದು ಅಲ್ಲಿಗೇ. 2013ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಮಂಗಳಯಾನದ ನೌಕೆ ವಿಶೇಷ ಪೆಟ್ಟಿಗೆಯೊಳಗೆ ಕುಳಿತು ಬೆಂಗಳೂರಿನಿಂದ ಶ್ರೀಹರಿಕೋಟಕ್ಕೆ ಹೊರಟಿತು. ನವೆಂಬರ್ 5ರಂದು ಅಲ್ಲಿಂದ ಮೇಲೇರಿತು. ಮರುವರ್ಷ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿತು. ಕೋಟಿಗಟ್ಟಲೆ ಕಿಲೋಮೀಟರುಗಳ ಆ ಪಯಣದ ಮೊದಲ ಹಂತ ನಮ್ಮೂರಿನಿಂದ ಕಡಲಿಗಿರುವ ದಾರಿ!

ಕಾರವಾರದಿಂದ ಏಕೆ ಹಾರಿಸಬಾರದು?

ಇದು ತರಗತಿಗಳಲ್ಲಿ ಮಕ್ಕಳು ಕೇಳುವ ಪ್ರಶ್ನೆ, ಮತ್ತು ಬಹಳ ಒಳ್ಳೆಯ ಪ್ರಶ್ನೆ. ಕರ್ನಾಟಕಕ್ಕೇ ಕರಾವಳಿ ಇದೆಯಲ್ಲ? ಉಪಗ್ರಹವನ್ನು ಬೆಂಗಳೂರಿನಲ್ಲಿ ಕಟ್ಟಿ ಆಂಧ್ರದ ಕಡಲತೀರಕ್ಕೆ ಏಕೆ ಹೊರಬೇಕು? ಮಲ್ಪೆಯಿಂದಲೋ ಕಾರವಾರದಿಂದಲೋ ಹಾರಿಸಬಾರದೇಕೆ?

ಉತ್ತರ ಭೂಮಿಯ ತಿರುಗುವಿಕೆಯಲ್ಲಿದೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಸಮಭಾಜಕ ವೃತ್ತದ ಮೇಲೆ ನಿಂತ ವಸ್ತು, ಸುಮ್ಮನೆ ನಿಂತಿದ್ದರೂ, ಸೆಕೆಂಡಿಗೆ ಸುಮಾರು 465 ಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿರುತ್ತದೆ. ಶ್ರೀಹರಿಕೋಟ ಇರುವುದು ಸುಮಾರು 13.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಈ ವೇಗ ಸೆಕೆಂಡಿಗೆ ಸುಮಾರು 450 ಮೀಟರ್. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಉಪಗ್ರಹ ಬೀಳದೆ ಸುತ್ತಬೇಕಾದರೆ ಸೆಕೆಂಡಿಗೆ ಹೆಚ್ಚುಕಡಿಮೆ 7.8 ಕಿ.ಮೀ. ವೇಗ ಬೇಕು. ಅಂದರೆ ಪೂರ್ವಕ್ಕೆ ಹಾರಿದರೆ ಬೇಕಾದ ವೇಗದಲ್ಲಿ ನೂರಕ್ಕೆ ಸುಮಾರು ಆರು ಪಾಲು ಭೂಮಿಯಿಂದ ಪುಕ್ಕಟೆ ಸಿಕ್ಕಂತಾಯಿತು. ಪರೀಕ್ಷೆಯಲ್ಲಿ ಆರು ಕೃಪಾಂಕ ಸಿಕ್ಕಿದರೆ ಎಷ್ಟು ಮಕ್ಕಳ ಹಣೆಬರಹ ಬದಲಾಗುತ್ತದೆ ಎಂಬುದು ತಂದೆ ತಾಯಿಗಳಿಗೆ ಗೊತ್ತು. ರಾಕೆಟ್ಟಿನ ವಿಷಯದಲ್ಲೂ ಹಾಗೆಯೇ.

ಇನ್ನು, ರಾಕೆಟ್ಟು ಇಡಿಯಾಗಿ ಮೇಲೆ ಹೋಗುವುದಿಲ್ಲ. ಇಂಧನ ಮುಗಿದ ಹಂತಗಳನ್ನು ದಾರಿಯಲ್ಲೇ ಕಳಚಿ ಬೀಳಿಸುತ್ತದೆ. ಟನ್ನುಗಟ್ಟಲೆ ಭಾರದ ಲೋಹದ ಕೊಳವೆಗಳು ಆಕಾಶದಿಂದ ಬೀಳುತ್ತವೆ. ಕಾರವಾರದಿಂದ ಪೂರ್ವಕ್ಕೆ ಹಾರಿಸಿದರೆ ಅವು ಬೀಳುವುದು ಯಲ್ಲಾಪುರದ ಅಡಿಕೆ ತೋಟದ ಮೇಲೋ, ಹುಬ್ಬಳ್ಳಿಯ ಮನೆಗಳ ಮೇಲೋ! ಪಶ್ಚಿಮಕ್ಕೆ ಹಾರಿಸಿದರೆ ಕಡಲೇನೋ ಇದೆ, ಆದರೆ ಕೃಪಾಂಕ ಸಿಗುವ ಬದಲು ಇದ್ದ ಅಂಕವೂ ಕಳೆದುಹೋಗುತ್ತದೆ. ಪೂರ್ವ ಕರಾವಳಿಯಲ್ಲಿ ಈ ಎರಡೂ ತೊಂದರೆ ಇಲ್ಲ. ಮುಂದೆ ಬಂಗಾಳ ಕೊಲ್ಲಿ ಹರಡಿಕೊಂಡಿದೆ. ಉಡಾವಣೆಗೆ ಮುನ್ನ ಮೀನುಗಾರರಿಗೂ ಹಡಗುಗಳಿಗೂ ವಿಮಾನಗಳಿಗೂ ಎಚ್ಚರಿಕೆ ಕೊಟ್ಟರೆ ಸಾಕು.

ಕೇರಳದ ತುಂಬಾ ಪಶ್ಚಿಮ ಕರಾವಳಿಯಲ್ಲಿದೆಯಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ನಿಜ. 1963ರ ನವೆಂಬರ್ 21ರಂದು ದೇಶದ ಮೊದಲ ರಾಕೆಟ್ಟು ಹಾರಿದ್ದು ಅಲ್ಲಿಂದಲೇ. ಆದರೆ ಅದು ಉಪಗ್ರಹ ಹೊತ್ತ ರಾಕೆಟ್ಟಲ್ಲ. ಮೇಲಕ್ಕೆ ಹೋಗಿ, ವಾತಾವರಣವನ್ನು ಅಳೆದು, ಕಡಲಿಗೆ ಬೀಳುವ ಪುಟ್ಟ ರಾಕೆಟ್ಟು. ಭೂಮಿಯ ಕಾಂತೀಯ ಸಮಭಾಜಕ ರೇಖೆ ತುಂಬಾದ ಬಳಿ ಹಾದುಹೋಗುವುದರಿಂದ ಆ ಅಧ್ಯಯನಕ್ಕೆ ಅದು ಹೇಳಿ ಮಾಡಿಸಿದ ಜಾಗವಾಗಿತ್ತು. ಆಗ ಕಚೇರಿಯಾಗಿದ್ದ ಸಂತ ಮೇರಿ ಮ್ಯಾಗ್ಡಲೀನ್ ಚರ್ಚು ಈಗ ಬಾಹ್ಯಾಕಾಶ ವಸ್ತು ಸಂಗ್ರಹಾಲಯ. ತಿರುವನಂತಪುರಕ್ಕೆ ಹೋದವರು ಪದ್ಮನಾಭನ ದರ್ಶನದ ಜೊತೆಗೆ ಇದನ್ನೂ ನೋಡಿ ಬರುವುದುಂಟು.

ಕಡಲಂಚನ್ನು ಹುಡುಕಿದ್ದು ನಾವೊಬ್ಬರೇ ಅಲ್ಲ. ಅಮೆರಿಕದವರು ಫ್ಲೋರಿಡಾದ ಪೂರ್ವ ತೀರದ ಕೇಪ್ ಕೆನವರಲ್ ಹಿಡಿದರು. ಫ್ರಾನ್ಸಿನವರು ದಕ್ಷಿಣ ಅಮೆರಿಕದ ಕೂರು ಎಂಬಲ್ಲಿಗೆ ಹೋದರು. ಅದು ಸಮಭಾಜಕದಿಂದ ಬರೀ 5 ಡಿಗ್ರಿ ದೂರ. ಬೆಂಗಳೂರಿನಲ್ಲಿ ರೂಪುಗೊಂಡ ಆ್ಯಪಲ್ ಉಪಗ್ರಹ 1981ರ ಜೂನ್ 19ರಂದು ಹಾರಿದ್ದು ಕೂರುವಿನಿಂದ. ಎತ್ತಿನಗಾಡಿಯ ಮೇಲೆ ಉಪಗ್ರಹವನ್ನು ಇಟ್ಟಿರುವ ಹಳೆಯ ಚಿತ್ರವನ್ನು ನೀವೂ ನೋಡಿರಬಹುದು. ಅದು ಆ್ಯಪಲ್‌ನದೇ. ಬಡತನದಿಂದ ಗಾಡಿ ಹೂಡಿದರು ಎಂದು ಹಲವರು ತಿಳಿದಿದ್ದಾರೆ, ಹಾಗಲ್ಲ. ಆಂಟೆನಾ ಪರೀಕ್ಷಿಸುವಾಗ ಲಾರಿಯ ಕಬ್ಬಿಣ ಅಡ್ಡಿ ಮಾಡುತ್ತದೆ, ಮರದ ಗಾಡಿ ಮಾಡುವುದಿಲ್ಲ. ಎತ್ತಿನಗಾಡಿಯನ್ನು ಆರಿಸಿದ್ದು ಭೌತಶಾಸ್ತ್ರ ಓದಿದವರ ಜಾಣತನ.

ಸರೋವರ ದಾಟಿದರೆ ದ್ವೀಪ

ಶ್ರೀಹರಿಕೋಟ ಒಂದು ದ್ವೀಪ. ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಪುಲಿಕಾಟ್ ಸರೋವರ. ಚೆನ್ನೈಗೆ ಉತ್ತರದಲ್ಲಿ ಸುಮಾರು 80 ಕಿ.ಮೀ. ದೂರ. ಮೊದಲು ನೆಲ್ಲೂರು ಜಿಲ್ಲೆಯಲ್ಲಿದ್ದುದು 2022ರಿಂದ ತಿರುಪತಿ ಜಿಲ್ಲೆಗೆ ಸೇರಿದೆ. ದ್ವೀಪದಲ್ಲಿ ಯಾನಾದಿ ಬುಡಕಟ್ಟಿನ ಜನ ವಾಸವಾಗಿದ್ದರು. ರಾಕೆಟ್ ನೆಲೆಗಾಗಿ ಅವರು ಜಾಗ ಬಿಡಬೇಕಾಯಿತು ಎಂಬುದನ್ನೂ ಮರೆಯಬಾರದು. 1971ರ ಅಕ್ಟೋಬರ್ 9ರಂದು ಪುಟ್ಟ ರೋಹಿಣಿ ರಾಕೆಟ್ಟಿನೊಂದಿಗೆ ಇಲ್ಲಿನ ಉಡಾವಣೆಗಳು ಶುರುವಾದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದುಕೊಂಡೇ ಇಸ್ರೋವನ್ನೂ ನಡೆಸಿದ ಸತೀಶ್ ಧವನ್ 2002ರ ಜನವರಿಯಲ್ಲಿ ತೀರಿಕೊಂಡ ಬಳಿಕ, ಅದೇ ವರ್ಷ ಈ ಕೇಂದ್ರಕ್ಕೆ ಅವರ ಹೆಸರಿಟ್ಟರು. ಹೀಗೆ ಕಟ್ಟುವ ಕೇಂದ್ರಕ್ಕೆ ಉಡುಪಿಯ ಅದಮಾರಿನಲ್ಲಿ ಹುಟ್ಟಿ, ಇಂದಿರಾನಗರದಲ್ಲಿ ನೆಲೆಸಿದ್ದ ಯು.ಆರ್. ರಾವ್ ಅವರ ಹೆಸರು, ಹಾರಿಸುವ ಕೇಂದ್ರಕ್ಕೆ ಧವನ್ ಅವರ ಹೆಸರು. ಇಬ್ಬರೂ ಬೆಂಗಳೂರಿನವರೇ ಎಂದು ಹೇಳಿಕೊಳ್ಳಲು ಬೆಂಗಳೂರಿಗೆ ಹಕ್ಕಿದೆ.

ಹೋಗುವ ದಾರಿಯೂ ಕಷ್ಟದ್ದಲ್ಲ. ದಂಡು ನಿಲ್ದಾಣದಲ್ಲೋ ಕೃಷ್ಣರಾಜಪುರದಲ್ಲೋ ಚೆನ್ನೈ ರೈಲು ಹತ್ತಿದರೆ, ಚೆನ್ನೈನಿಂದ ಗೂಡೂರು ಕಡೆಯ ರೈಲಿನಲ್ಲಿ ಸೂಳ್ಳೂರುಪೇಟೆಯಲ್ಲಿ ಇಳಿಯಬಹುದು. ರಸ್ತೆಯಲ್ಲಾದರೆ ಹಲಸೂರಿನಿಂದ ಹೊರಡುವ ಹಳೆ ಮದ್ರಾಸು ರಸ್ತೆಯೇ ಕೋಲಾರ, ಮುಳಬಾಗಿಲಿಗೆ ಒಯ್ಯುತ್ತದೆ. ಮುಂದೆ ಚಿತ್ತೂರು, ತಿರುಪತಿ, ಶ್ರೀಕಾಳಹಸ್ತಿ ದಾಟಿ ಸೂಳ್ಳೂರುಪೇಟೆ. ಸುಮಾರು 350 ಕಿ.ಮೀ. ತಿಮ್ಮಪ್ಪನ ದರ್ಶನ, ಕಾಳಹಸ್ತೀಶ್ವರನ ದರ್ಶನ, ಆಮೇಲೆ ರಾಕೆಟ್ಟಿನ ದರ್ಶನ ಎಂದು ಮನೆಯ ಹಿರಿಯರನ್ನೂ ಒಪ್ಪಿಸಬಹುದು. ಸೂಳ್ಳೂರುಪೇಟೆಯಲ್ಲೇ ಚೆಂಗಾಳಮ್ಮನ ಗುಡಿ ಇದೆ. ಉಡಾವಣೆಗೆ ಮುನ್ನ ಇಸ್ರೋ ಅಧ್ಯಕ್ಷರು ಅಲ್ಲಿಗೆ ಬಂದು ಕೈಮುಗಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ.

ಸೂಳ್ಳೂರುಪೇಟೆಯಿಂದ ದ್ವೀಪಕ್ಕೆ ಹೋಗುವ ರಸ್ತೆ ಪುಲಿಕಾಟ್ ಸರೋವರದ ನಡುವೆಯೇ ಹಾದು ಹೋಗುತ್ತದೆ. ಚಳಿಗಾಲದಲ್ಲಿ ಹೋದವರಿಗೆ ಆಳವಿಲ್ಲದ ಉಪ್ಪುನೀರಿನಲ್ಲಿ ಉದ್ದ ಕಾಲಿನ ರಾಜಹಂಸಗಳು ಸಾಲುಗಟ್ಟಿ ನಿಂತಿರುವುದು ಕಾಣುತ್ತದೆ. ಆ ಹಕ್ಕಿಗಳ ಹೆಸರಿನಲ್ಲೇ ಸೂಳ್ಳೂರುಪೇಟೆಯಲ್ಲಿ ಒಂದು ಹಬ್ಬವೂ ನಡೆಯುತ್ತದೆ. ಹತ್ತಿರದ ನೇಲಪಟ್ಟು ಪಕ್ಷಿಧಾಮವೂ ನೋಡತಕ್ಕದ್ದು. ರಾಕೆಟ್ಟು ನೋಡಲು ಹೋದ ಮಗು ಹಕ್ಕಿ ನೋಡಿ ಮರುಳಾಗಿ ಬಂದರೂ ನಷ್ಟವೇನಿಲ್ಲ.

ಹಿಂದೆಲ್ಲ ಉಡಾವಣೆಯನ್ನು ಹತ್ತಿರದಿಂದ ನೋಡುವ ಭಾಗ್ಯ ಗಣ್ಯರಿಗೆ, ಪತ್ರಕರ್ತರಿಗೆ ಮತ್ತು ನೌಕರರ ಮನೆಯವರಿಗೆ ಮಾತ್ರ ಇತ್ತು. 2019ರ ಮಾರ್ಚ್ ಕೊನೆಯಲ್ಲಿ ಜನಸಾಮಾನ್ಯರಿಗಾಗಿ ಮೆಟ್ಟಿಲು ಮೆಟ್ಟಿಲಾಗಿ ಕುಳಿತುಕೊಳ್ಳುವ ಉಡಾವಣಾ ವೀಕ್ಷಣಾ ಗ್ಯಾಲರಿಯನ್ನು ತೆರೆದರು. ಏಪ್ರಿಲ್ 1ರ ಪಿಎಸ್‌ಎಲ್‌ವಿ-ಸಿ45 ಅಲ್ಲಿಂದ ಜನ ನೋಡಿದ ಮೊದಲ ಉಡಾವಣೆ. ಎದುರಿಗೆ ದೊಡ್ಡ ಪರದೆಗಳು, ಅದರಾಚೆ ದೂರದಲ್ಲಿ ಉಡಾವಣಾ ವೇದಿಕೆಗಳು. ಪಕ್ಕದಲ್ಲೇ ಬಾಹ್ಯಾಕಾಶ ವಸ್ತು ಸಂಗ್ರಹಾಲಯ ಮತ್ತು ರಾಕೆಟ್ಟುಗಳ ತೋಟ. ಶುಲ್ಕವಿಲ್ಲ. ಆದರೆ ಉಡಾವಣೆಗೆ ಕೆಲವು ದಿನ ಮುಂಚೆ ಶ್ರೀಹರಿಕೋಟ ಕೇಂದ್ರದ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು, ಹೋಗುವಾಗ ಗುರುತಿನ ಚೀಟಿ ಇರಬೇಕು. ಚಂದ್ರಯಾನದಂಥ ಉಡಾವಣೆಗಳಿಗೆ ಜಾಗ ಬೇಗ ಭರ್ತಿಯಾಗುತ್ತದೆ. ಎಲ್ಲ ಉಡಾವಣೆಗಳಿಗೂ ಜನರನ್ನು ಬಿಡುವುದಿಲ್ಲ. ಕೊರೋನಾ ಕಾಲದಲ್ಲಿ ಗ್ಯಾಲರಿ ಮುಚ್ಚಿತ್ತು. ಆದ್ದರಿಂದ ಮೊದಲು ನೋಂದಣಿ, ಆಮೇಲೆ ರೈಲಿನ ಟಿಕೆಟ್ಟು.

ನಿಂತ ಗಡಿಯಾರ

ಈಗ ತಂದೆ ತಾಯಿಗಳು ಗಮನವಿಟ್ಟು ಓದಬೇಕಾದ ಮಾತು. ರಾಕೆಟ್ಟು ನೋಡಲು ಹೋಗುವುದು ಸಿನಿಮಾಕ್ಕೆ ಹೋದಂತಲ್ಲ. ಟಿಕೆಟ್ಟಿನಲ್ಲಿ ಬರೆದ ಹೊತ್ತಿಗೆ ಆಟ ಶುರುವಾಗಿಯೇ ತೀರುತ್ತದೆ ಎಂಬ ಭರವಸೆ ಇಲ್ಲಿಲ್ಲ.

2019ರ ಜುಲೈ 15. ಚಂದ್ರಯಾನ-2 ಬೆಳಗಿನ ಜಾವ 2 ಗಂಟೆ 51 ನಿಮಿಷಕ್ಕೆ ಏರಬೇಕಿತ್ತು. ಆ ನಡುರಾತ್ರಿಯಲ್ಲಿ ಸಾವಿರಾರು ಜನ ಗ್ಯಾಲರಿಯಲ್ಲಿ ಕಾದಿದ್ದರು. ದೂರದೂರುಗಳಿಂದ ಬಂದವರು, ತೂಕಡಿಸುವ ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡವರು. ರಾಷ್ಟ್ರಪತಿಗಳೂ ಶ್ರೀಹರಿಕೋಟದಲ್ಲಿದ್ದರು. ಇನ್ನು 56 ನಿಮಿಷ 24 ಸೆಕೆಂಡು ಇದೆ ಎನ್ನುವಾಗ ಗಡಿಯಾರ ನಿಂತಿತು. ಸ್ವಲ್ಪ ಹೊತ್ತು ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಪ್ರಕಟಣೆ ಬಂತು: ಉಡಾವಣಾ ವಾಹನದಲ್ಲಿ ತಾಂತ್ರಿಕ ದೋಷ, ಈ ದಿನದ ಉಡಾವಣೆ ರದ್ದು. ಬಂದವರು ಕತ್ತಲಲ್ಲೇ ಎದ್ದು ಹೊರಟರು. ‘ಅಪ್ಪಾ, ಹಾರಲಿಲ್ವಾ?’ ಎಂದು ಎಷ್ಟು ಮಕ್ಕಳು ಕೇಳಿದವೋ, ಎಷ್ಟು ಅಪ್ಪಂದಿರು ಏನು ಉತ್ತರ ಕೊಟ್ಟರೋ!

ಒಂದು ವಾರದೊಳಗೆ ದೋಷವನ್ನು ಸರಿಪಡಿಸಿದರು. ಜುಲೈ 22ರ ಮಧ್ಯಾಹ್ನ 2 ಗಂಟೆ 43 ನಿಮಿಷಕ್ಕೆ ಅದೇ ರಾಕೆಟ್ಟು ಅದೇ ನೌಕೆಯನ್ನು ಹೊತ್ತು ಮೇಲೇರಿತು. ಮೊದಲ ಸಲ ನಿಲ್ಲಿಸದೇ ಹೋಗಿದ್ದರೆ? ಸುಮಾರು 640 ಟನ್ ತೂಕದ ರಾಕೆಟ್ಟು. ಅದರ ಕೊನೆಯ ಹಂತದಲ್ಲಿ ಸೊನ್ನೆಗಿಂತ 253 ಡಿಗ್ರಿ ಕೆಳಗಿನ ಚಳಿಯ ದ್ರವ ಹೈಡ್ರೋಜನ್, 183 ಡಿಗ್ರಿ ಕೆಳಗಿನ ದ್ರವ ಆಮ್ಲಜನಕ. ಎರಡು ದೈತ್ಯ ಘನ ಇಂಧನದ ಕಂಬಗಳಿಗೆ ಒಮ್ಮೆ ಬೆಂಕಿ ಹತ್ತಿತೆಂದರೆ ದೀಪಾವಳಿಯ ಬಾಣದಂತೆಯೇ, ಮತ್ತೆ ಆರಿಸುವಂತಿಲ್ಲ. ‘ನಿಲ್ಲಿಸಿ’ ಎನ್ನಲು ಇರುವ ಸಮಯ ಬೆಂಕಿಗೆ ಮುಂಚಿನದು ಮಾತ್ರ. ಸಾವಿರಾರು ಜನರ ಎದುರು, ರಾಷ್ಟ್ರಪತಿಗಳ ಎದುರು ‘ಇವತ್ತು ಬೇಡ’ ಎಂದು ಹೇಳಿದವರ ಧೈರ್ಯ ಸಣ್ಣದಲ್ಲ.

ಇನ್ನೊಂದು ಪ್ರಸಂಗ. 2023ರ ಅಕ್ಟೋಬರ್ 21ರಂದು ಗಗನಯಾನದ ಪರೀಕ್ಷೆ ಇತ್ತು. ಮನುಷ್ಯರು ಕೂರಲಿರುವ ಗೂಡನ್ನು, ಅಪಾಯ ಬಂದರೆ, ರಾಕೆಟ್ಟಿನಿಂದ ಕಿತ್ತು ದೂರ ಒಯ್ಯುವ ಏರ್ಪಾಡಿನ ಪರೀಕ್ಷೆ ಅದು. ಎಣಿಕೆ ಇಳಿಯುತ್ತ ಇಳಿಯುತ್ತ ಕೇವಲ 5 ಸೆಕೆಂಡು ಉಳಿದಾಗ ಕಂಪ್ಯೂಟರು ತಾನಾಗಿಯೇ ತಡೆ ಹಾಕಿತು. ಎಲ್ಲರೂ ಮುಗಿಯಿತು ಎಂದುಕೊಂಡರು. ಆದರೆ ಕಾರಣವನ್ನು ಪತ್ತೆ ಹಚ್ಚಿ, ಸರಿಪಡಿಸಿ, ಅದೇ ದಿನ 10 ಗಂಟೆಗೆ ಹಾರಿಸಿಯೇಬಿಟ್ಟರು. ಗೂಡು ಧುಮುಕುಕೊಡೆ ಬಿಚ್ಚಿಕೊಂಡು ತೀರದಿಂದ ಸುಮಾರು 10 ಕಿ.ಮೀ. ಆಚೆ ಕಡಲಿಗೆ ಇಳಿಯಿತು. ನೌಕಾಪಡೆಯವರು ಅದನ್ನು ಎತ್ತಿ ತಂದರು. ಮೊದಲ ತಡೆಯಲ್ಲೇ ಗಂಟುಮೂಟೆ ಕಟ್ಟಿ ಎದ್ದವರಿಗೆ ಅದು ತಪ್ಪಿಹೋಗಿರಬೇಕು!

ಕೆಲವೊಮ್ಮೆ ತಡ ಬಹಳ ಸಣ್ಣದು. 2024ರ ಡಿಸೆಂಬರ್ 30ರ ರಾತ್ರಿ 9 ಗಂಟೆ 58 ನಿಮಿಷಕ್ಕೆಂದು ಗೊತ್ತಾಗಿದ್ದ ಸ್ಪೇಡೆಕ್ಸ್ ಉಡಾವಣೆಯನ್ನು 10 ಗಂಟೆಗೆ ಮುಂದೂಡಿದರು. ಮೇಲೆ ಅದೇ ದಾರಿಯಲ್ಲಿ ಬೇರೊಂದು ಉಪಗ್ರಹ ಹತ್ತಿರ ಬರುವುದಿತ್ತು. ಟಿನ್ ಫ್ಯಾಕ್ಟರಿಯ ವಾಹನ ದಟ್ಟಣೆಯಲ್ಲಿ ನಿಂತು ಅಭ್ಯಾಸವಿರುವ ಬೆಂಗಳೂರಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇವೆಲ್ಲ ತಡವಾಗಿಯಾದರೂ ಗೆದ್ದ ಕತೆಗಳು. ಸೋತವೂ ಇವೆ. 1979ರ ಆಗಸ್ಟ್ 10ರಂದು ಹಾರಿದ ಎಸ್‌ಎಲ್‌ವಿ-3 ಕೆಲವೇ ನಿಮಿಷಗಳಲ್ಲಿ ಕಡಲಿಗೆ ಬಿತ್ತು. ಮರುವರ್ಷ ಜುಲೈ 18ರಂದು ಅದೇ ಬಗೆಯ ರಾಕೆಟ್ಟು ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. 1993ರ ಸೆಪ್ಟೆಂಬರ್ 20ರಂದು ಪಿಎಸ್‌ಎಲ್‌ವಿಯ ಮೊದಲ ಹಾರಾಟ ವಿಫಲವಾಯಿತು. ಆಮೇಲೆ ಅದೇ ಪಿಎಸ್‌ಎಲ್‌ವಿ ಚಂದ್ರನಿಗೂ ಮಂಗಳನಿಗೂ ದಾರಿ ಮಾಡಿತು. ಹಾಗೆಂದು ಇನ್ನು ಅದು ಸೋಲುವುದೇ ಇಲ್ಲ ಎಂದೇನಲ್ಲ. 2025ರ ಮೇ 18ರ ಮುಂಜಾನೆ ಹಾರಿದ ಪಿಎಸ್‌ಎಲ್‌ವಿ-ಸಿ61ರ ಮೂರನೇ ಹಂತದಲ್ಲಿ ಒತ್ತಡ ಕುಸಿದು, ಭೂಮಿಯನ್ನು ಗಮನಿಸಬೇಕಿದ್ದ ಇಒಎಸ್-09 ಉಪಗ್ರಹ ಕೈತಪ್ಪಿತು. ಒಂದು ಉಪಗ್ರಹವೆಂದರೆ ಎಷ್ಟೋ ಜನರ ಎಷ್ಟೋ ವರ್ಷದ ದುಡಿಮೆ. ಅಂಥ ಬೆಳಿಗ್ಗೆಗಳಲ್ಲಿ ಆ ಜನರ ಮನೆಗಳಲ್ಲಿ ಒಲೆ ಹೊತ್ತಿದ್ದರೂ ತಿಂಡಿ ಯಾರಿಗೂ ರುಚಿಸಿರಲಾರದು.

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ದೇಶದ ನಾನಾ ಕಡೆಯ ಶಾಲಾ ಮಕ್ಕಳಿದ್ದರು. ರಸಪ್ರಶ್ನೆಯಲ್ಲಿ ಗೆದ್ದು, ಚಂದ್ರನ ಮೇಲೆ ವಿಕ್ರಮ್ ಇಳಿಯುವುದನ್ನು ನೋಡಲು ಬಂದವರು. ನೆಲಕ್ಕೆ ಸುಮಾರು 2 ಕಿ.ಮೀ. ಇರುವಾಗ ಸಂಪರ್ಕ ಕಡಿದುಹೋಯಿತು. ಆ ಮಕ್ಕಳು ಅಂದು ನೋಡಿದ್ದು ಪಠ್ಯಪುಸ್ತಕದಲ್ಲಿ ಇರದ ವಿಜ್ಞಾನ. ನಾಲ್ಕು ವರ್ಷದ ಬಳಿಕ, 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಇಳಿಯಿತು. ಆ ದಿನವೇ ಈಗ ರಾಷ್ಟ್ರೀಯ ಬಾಹ್ಯಾಕಾಶ ದಿನ.

ಗ್ಯಾಲರಿಯಲ್ಲಿ ಮಾಡಬೇಕಾದ ಒಂದು ಲೆಕ್ಕ

ಉಡಾವಣೆಗೆ ಮಕ್ಕಳನ್ನು ಕರೆದೊಯ್ದರೆ ಒಂದು ಸರಳ ಪ್ರಯೋಗ ಮಾಡಿಸಿ. ರಾಕೆಟ್ಟಿನ ಬುಡದಲ್ಲಿ ಬೆಳಕು ಚಿಮ್ಮಿದ ಕ್ಷಣದಿಂದ ಸದ್ದು ಕಿವಿಗೆ ಬೀಳುವವರೆಗೆ ಸೆಕೆಂಡುಗಳನ್ನು ಎಣಿಸಲು ಹೇಳಿ. ಬೆಳಕು ಕಣ್ಣಿಗೆ ಬರುವುದಕ್ಕೆ ಸಮಯವೇ ಹಿಡಿಯುವುದಿಲ್ಲ ಎಂದುಕೊಳ್ಳಬಹುದು. ಸದ್ದು ಒಂದು ಕಿಲೋಮೀಟರಿಗೆ ಸುಮಾರು 3 ಸೆಕೆಂಡು ತೆಗೆದುಕೊಳ್ಳುತ್ತದೆ. ಎಣಿಸಿದ್ದನ್ನು ಮೂರರಿಂದ ಭಾಗಿಸಿದರೆ ಉಡಾವಣಾ ವೇದಿಕೆ ಎಷ್ಟು ಕಿಲೋಮೀಟರ್ ದೂರವಿದೆ ಎಂಬುದು ಸಿಕ್ಕಿತು. ಮಿಂಚು ಗುಡುಗಿನ ಪಾಠದಲ್ಲಿ ಓದಿದ್ದೇ ಇದು. ಮೊದಲು ಸದ್ದಿಲ್ಲದೆ ಮೇಲೇರುವ ಬೆಂಕಿ ಕಾಣುತ್ತದೆ. ಬಳಿಕ ಎದೆಯನ್ನೇ ಗುದ್ದುವಂಥ ಸದ್ದು ಬರುತ್ತದೆ. ಈ ಅಂತರವೇ ಟಿ.ವಿ.ಯಲ್ಲಿ ಸಿಗದ ಅನುಭವ. ಎರಡು ಮೂರು ನಿಮಿಷದಲ್ಲಿ ರಾಕೆಟ್ಟು ಚುಕ್ಕಿಯಾಗಿ ಮರೆಯಾಗುತ್ತದೆ. ಮುಂದಿನದೆಲ್ಲ ಪರದೆಯ ಮೇಲೆ. ಆ ಎರಡು ನಿಮಿಷವನ್ನೂ ಮೊಬೈಲಿನ ಕಿಂಡಿಯಲ್ಲೇ ನೋಡಿ ಬರುವವರಿದ್ದಾರೆ. ಅವರು ಮನೆಯಲ್ಲೇ ಕುಳಿತಿದ್ದರೂ ಆಗುತ್ತಿತ್ತು.

ಕೊಡೆ, ಟೋಪಿ, ನೀರಿನ ಬಾಟಲಿ ಮರೆಯಬೇಡಿ. ಬೆಂಗಳೂರಿನ ತಂಪಿಗೆ ಒಗ್ಗಿದ ಮಕ್ಕಳಿಗೆ ಅಲ್ಲಿನ ಸೆಕೆ ತಡೆಯದು. ಮರುದಿನ ಪರೀಕ್ಷೆ ಇಟ್ಟುಕೊಂಡು ಹೋಗಬೇಡಿ, ವಾಪಸು ಟಿಕೆಟ್ಟನ್ನು ಅದೇ ಸಂಜೆಗೆ ಮಾಡಿಸಬೇಡಿ. ಮುಂದೂಡಿಕೆಯಾದರೆ ಪುಲಿಕಾಟ್ ಸರೋವರ ಇದೆ, ವಸ್ತು ಸಂಗ್ರಹಾಲಯ ಇದೆ ಎಂದು ಮೊದಲೇ ಹೇಳಿ ಮಗುವಿನ ಮನಸ್ಸನ್ನು ಸಿದ್ಧ ಮಾಡಿರಿ.

ಅಷ್ಟು ದೂರ ಹೋಗಲು ಎಲ್ಲರಿಗೂ ಆಗದು, ಎಲ್ಲರ ಜೇಬೂ ಒಪ್ಪದು. ಅಂಥವರಿಗೆ ಊರಲ್ಲೇ ಕೆಲವು ದಾರಿಗಳಿವೆ. ದಂಡು ಪ್ರದೇಶದಿಂದ ದೂರವಿಲ್ಲದ ಹೈಗ್ರೌಂಡ್ಸ್‌ನಲ್ಲಿ 1989ರಿಂದ ನಡೆಯುತ್ತಿರುವ ಜವಾಹರಲಾಲ್ ನೆಹರೂ ತಾರಾಲಯದಲ್ಲಿ ಕನ್ನಡದಲ್ಲೂ ಪ್ರದರ್ಶನಗಳಿರುತ್ತವೆ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತು ಸಂಗ್ರಹಾಲಯದಲ್ಲಿ ಬಾಹ್ಯಾಕಾಶದ ವಿಭಾಗವಿದೆ. ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ ಮಾರತ್ತಹಳ್ಳಿಯ ಕಡೆಗೆ ಎಚ್‌ಎಎಲ್ 2001ರಲ್ಲಿ ತೆರೆದ ವಸ್ತು ಸಂಗ್ರಹಾಲಯದಲ್ಲಿ ಮಾರುತ್, ಅಜೀತ್ ಮುಂತಾದ ವಿಮಾನಗಳ ಪಕ್ಕದಲ್ಲೇ ನಿಲ್ಲಬಹುದು. ಆ ಇಡೀ ರಸ್ತೆಯಲ್ಲಿ ಜನರಿಗೆ ಬಾಗಿಲು ತೆರೆದಿಟ್ಟದ್ದು ಅದೊಂದೇ ಎನ್ನಬೇಕು. ರಜೆಯಲ್ಲಿ ಕರಾವಳಿಗೆ ಹೋಗುವವರು ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತ್ರಿ-ಡಿ ತಾರಾಲಯವನ್ನು ನೋಡಬಹುದು. ಅಕ್ಟೋಬರ್ 4ರಿಂದ 10ರವರೆಗಿನ ವಿಶ್ವ ಬಾಹ್ಯಾಕಾಶ ಸಪ್ತಾಹದಲ್ಲಿ ಇಸ್ರೋ ಕೇಂದ್ರಗಳು ಶಾಲೆಗಳಿಗಾಗಿ ಪ್ರದರ್ಶನ, ಸ್ಪರ್ಧೆಗಳನ್ನು ಏರ್ಪಡಿಸುತ್ತವೆ. ಒಂಬತ್ತನೇ ತರಗತಿಯ ಮಕ್ಕಳಿಗೆ 2019ರಿಂದ ‘ಯುವಿಕಾ’ ಎಂಬ ಬೇಸಿಗೆ ಶಿಬಿರವೂ ಇದೆ. ಎಂಟನೇ ತರಗತಿಯ ಅಂಕಗಳ ಜೊತೆಗೆ ವಿಜ್ಞಾನ ಸ್ಪರ್ಧೆ, ಆಟೋಟಗಳನ್ನೂ ಗಣಿಸಿ, ಹಳ್ಳಿಯ ಶಾಲೆಗಳ ಮಕ್ಕಳಿಗೆ ಹೆಚ್ಚಿನ ಅವಕಾಶ ಕೊಟ್ಟು ಆರಿಸುತ್ತಾರೆ. ಅರ್ಜಿ ಹಾಕುವ ದಿನಾಂಕವನ್ನು ಶಾಲೆಯವರು ಹೇಳುತ್ತಾರೆಂದು ಕಾಯದೆ ತಂದೆ ತಾಯಿಗಳೇ ಗಮನಿಸುವುದು ಒಳಿತು.

ಇನ್ನೂ ಒಂದು ಲೆಕ್ಕ ಉಳಿದಿದೆ, ಖರ್ಚಿಲ್ಲದ್ದು. ಬೆಂಗಳೂರಿನಲ್ಲಿ ನಿಂತು ಶ್ರೀಹರಿಕೋಟದ ರಾಕೆಟ್ಟನ್ನು ನೋಡಬಹುದೇ? ಭೂಮಿ ದುಂಡಗಿರುವುದರಿಂದ 300 ಕಿ.ಮೀ. ದೂರದ ವಸ್ತು ನಮ್ಮ ಬಾನಂಚಿನ ಕೆಳಗೆ ಅಡಗಿರುತ್ತದೆ. ಎಷ್ಟು ಕೆಳಗೆ? ದೂರದ ವರ್ಗವನ್ನು ಭೂಮಿಯ ವ್ಯಾಸದಿಂದ ಭಾಗಿಸಿ: 90,000ವನ್ನು 12,742ರಿಂದ ಭಾಗಿಸಿದರೆ ಸುಮಾರು 7 ಕಿ.ಮೀ. ಅಂದರೆ ರಾಕೆಟ್ಟು 7 ಕಿ.ಮೀ. ಏರಿದ ಮೇಲೆ, ಲೆಕ್ಕದ ಪ್ರಕಾರ, ಬೆಂಗಳೂರಿನ ಪೂರ್ವದ ಬಾನಂಚಿನ ಮೇಲೆ ಬರುತ್ತದೆ. ಧೂಳು, ಮೋಡ, ಎದುರು ಮನೆಯ ನೀರಿನ ಟ್ಯಾಂಕು ಇವು ಲೆಕ್ಕಕ್ಕೆ ಸೇರಿಲ್ಲ. ಇನ್ನೂ ಮೇಲೇರಿದಾಗಲೂ ಅದು ಬಾನಂಚಿನಿಂದ ಕೈಬೆರಳ ಕೆಲವು ಅಗಲದಷ್ಟೇ ಎತ್ತರದಲ್ಲಿರುತ್ತದೆ. ಹಗಲಿನಲ್ಲಂತೂ ಕಾಣದು. ಆದರೆ ದೊಡ್ಡ ರಾಕೆಟ್ಟೊಂದು ರಾತ್ರಿ ಹಾರುವ ದಿನ, ಆಕಾಶ ತಿಳಿಯಾಗಿದ್ದರೆ, ಕೆ.ಆರ್. ಪುರದಲ್ಲೋ ಹಲಸೂರಿನಲ್ಲೋ ಎತ್ತರದ ಮಹಡಿಯ ಮೇಲೆ ಹತ್ತಿ, ಸೂರ್ಯ ಹುಟ್ಟುವ ದಿಕ್ಕಿನಿಂದ ತುಸು ಎಡಕ್ಕೆ, ಈಶಾನ್ಯದ ಕಡೆ ಮುಖ ಮಾಡಿ ಐದು ನಿಮಿಷ ನಿಂತು ನೋಡಲು ಅಡ್ಡಿಯಿಲ್ಲ. ರೇಡಿಯೋವನ್ನೋ ಮೊಬೈಲನ್ನೋ ಹಚ್ಚಿಟ್ಟು, ಎಣಿಕೆ ಸೊನ್ನೆ ಮುಟ್ಟಿದ ಮೇಲೆ ಒಂದು ನಿಮಿಷ ಬಿಟ್ಟು ಕಣ್ಣು ನೆಟ್ಟರೆ ಸಾಕು.